ಅತ್ತೆಯ ಶಾಪ

ಎಂಬತ್ತರ ದಶಕದಲ್ಲಿ ಶನಿವಾರ ಬ್ರಿಟಿಷ್ ಟಿವಿಯಲ್ಲಿ ಕುಸ್ತಿ ಬಂತೆಂದರೆ ನಮ್ಮತ್ತೆ, ಸದಾ ಮೋಸದಿಂದ ಗೆಲ್ಲುವ ಬೋಳುತಲೆಯ ಪೈಲ್ವಾನನಿಗೆ "ನಿನ್ನ ಕೈ ಸೇದಿಹೋಗ!" ಎಂದು ಶಾಪ ಹಾಕುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ, ಶೆಫೀಲ್ಡಿನ ಆಸ್ಪತ್ರೆಯಲ್ಲಿ ನನ್ನ ಬಳಿ ಫಿಸಿಯೋಥೆರಪಿಗೆ ಆತನೇ ಬಂದ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿತ್ತು.

"ನಮ್ಮತ್ತೆ ನಿಮ್ಮ ಕುಸ್ತಿ ತಪ್ಪಿಸುತ್ತಿರಲಿಲ್ಲ" ಎಂದೆ.

ಆತನ ಮುಖ ಅರಳಿತು. "ಬೈಯುತ್ತಿದ್ದರಾ?"

"ಸ್ವಲ್ಪ."

"ಸ್ವಲ್ಪವೇ?" ಎಂದು ಪೆಚ್ಚಾದ.

ಕೊನೆಗೆ ಶಾಪವನ್ನು ಹೇಳಿಯೇಬಿಟ್ಟೆ. ತನ್ನ ಕೈ ನೋಡಿಕೊಂಡು ಗಹಗಹಿಸಿ ನಕ್ಕ. "ಹಾಗಾದರೆ ಖಳನ ಪಾತ್ರ ಚೆನ್ನಾಗಿಯೇ ಆಡಿದ್ದೆ!"

ಮನೆಯಲ್ಲಿ ಇದನ್ನು ಕೇಳಿದ ಅತ್ತೆ ನಗಲಿಲ್ಲ. "ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ!" ಎಂದರು. ಭಾನುವಾರವೇ ನನ್ನನ್ನು ಟಿವಿಡೇಲ್ ಊರಿನ ಬಾಲಾಜಿ ಗುಡಿಗೆ ಹೊರಡಿಸಿ, ಆತನ ಹೆಸರಿನಲ್ಲಿ ಅರ್ಚನೆ ಮಾಡಿಸಿದರು. ಅರ್ಚಕರು ಗೋತ್ರ ಕೇಳಿದರು.

"ನಮ್ಮದನ್ನೇ ಹೇಳಿ" ಎಂದರು ಅತ್ತೆ.

ಅಲ್ಲಿಗೆ ಆ ಬೋಳುತಲೆ ನಮ್ಮ ದಾಯಾದಿಯಾದ.