ಮಾಸ್ತರರ ಆರು ಲಾರಿಗಳು

ಕಳೆದ ವಾರ ಮುಳಗುಂದದ ಒಂದು ಮನೆಯಲ್ಲಿ ಕಿಟಕಿಗೆ ಬಣ್ಣ ಹಚ್ಚುವ ಕೆಲಸವಿತ್ತು. ಡಬ್ಬಿಯ ಮುಚ್ಚಳ ತೆಗೆದೆ. ಮಿಲಿಟರಿ ಹಸಿರು. ಆ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ಕುಂಚ ಕೆಳಗಿಟ್ಟೆ. ಮನೆಯವರು, 'ಯಾಕ್ರಿ, ಬಣ್ಣ ಬ್ಯಾರೆ ಬಂತೇನು?' ಎಂದರು. ಇಲ್ಲ ಎಂದೆ. ಆದರೆ ಆ ದಿನ ಕೈ ಓಡಲಿಲ್ಲ. ಮನೆಗೆ ಬಂದರೂ ಒಂದು ಕಡೆ ಕೂಡಲು ಆಗಲಿಲ್ಲ...

ಬೆಟಗೇರಿಯಲ್ಲಿ ನನ್ನ ಬಡಿಗತನದ ಅಂಗಡಿಯ ಗೋಡೆಗೆ ಹತ್ತಿಕೊಂಡೇ ಮಾಸ್ತರರ ಮನೆ ಇತ್ತು. ಗಣಿತ ಕಲಿಸಿ ನಿವೃತ್ತರಾದವರು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಮೂವತ್ತು ದಾಟಿದ ಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದವರು ಅವರೇ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಅವರಿಗೆ ಒಂದು ವಿಚಿತ್ರ ಹುಚ್ಚಿತ್ತು. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ತರಿಸಿ, ಬಣ್ಣ ಹಚ್ಚಿ, ಹಳೆಯ ಬಾಗಿಲೊಂದನ್ನು ಮೇಜು ಮಾಡಿ ಅದರ ಮೇಲೆ ಯುದ್ಧ ಆಡುತ್ತಿದ್ದರು. ಎದುರಾಳಿ ಮುಂಡರಗಿಯ ಕಾಳಿನ ವ್ಯಾಪಾರಿ. ಇಬ್ಬರೂ ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಎಲ್ಲರೂ ಆ ವ್ಯಾಪಾರಿಯನ್ನು ಸಾವ್ಕಾರರು ಎನ್ನುತ್ತಿದ್ದರು. ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಬರುವುದು, ಆಡುವುದು, ಗೆದ್ದು ಹೋಗುವುದು. ಎಷ್ಟೋ ವರ್ಷದಿಂದ ಹೀಗೆಯೇ. ಮಾಸ್ತರರು ಒಮ್ಮೆಯೂ ಗೆದ್ದಿರಲಿಲ್ಲ. 'ಸಾಯೂದ್ರಾಗ ಒಂದ ಸಲ ಇವನ್ನ ಸೋಲಸ್ಬೇಕೋ' ಎಂದು ನನ್ನ ಮುಂದೆ ಅನ್ನುತ್ತಿದ್ದರು. ನಗುತ್ತಲೇ ಅಂದರೂ, ನಗೆಯ ಮಾತಾಗಿರಲಿಲ್ಲ.

ಆಟಕ್ಕೆ ಲಾರಿಗಳು ಬೇಕಾಗಿದ್ದವು. ಗದಗಿನ ಅಂಗಡಿಗಳಲ್ಲಿ ಸಿಕ್ಕ ಆಟಿಕೆ ಲಾರಿಗಳು ಒಂದೂ ಹೊಂದಲಿಲ್ಲ. ಒಂದರ ಪಕ್ಕ ಸೈನಿಕ ರಾಕ್ಷಸನಂತೆ ಕಂಡ, ಇನ್ನೊಂದರ ಪಕ್ಕ ಇಲಿಯಂತೆ. ಕೊನೆಗೆ ಒಬ್ಬ ಸೈನಿಕನನ್ನು ನನ್ನ ಅಂಗೈಯಲ್ಲಿಟ್ಟು, 'ಇವನ ಅಳತಿಗೆ ಒಪ್ಪೂವಂಗ ಕಟಗೀಲೆ ಆರು ಲಾರಿ ಮಾಡು. ಪ್ರಮಾಣ ನೀನ ತಗೀ' ಎಂದರು.

'ನೀವೊಮ್ಮಿ ಲೆಕ್ಕಾ ನೋಡ್ರಿ ಸರ್.'

'ನಾ ಯಾಕ ನೋಡ್ಲಿ? ಪಾಸಾದಾಂವ ನೀ.'

ಆ ಮಾತಿಗೆ ಎದೆ ಉಬ್ಬಿತು. ಸೈನಿಕನನ್ನು ಅಳೆದೆ. ಮೂವತ್ನಾಲ್ಕು ಮಿಲಿಮೀಟರ್. ಲಾರಿ ನಿಲ್ಲುವ ಜಾಗಕ್ಕೆ ಹೋಗಿ ನಿಜವಾದ ಲಾರಿಗೆ ಟೇಪು ಹಿಡಿದೆ. ಐದೂವರೆ ಅಡಿಯ ಮನುಷ್ಯ ಇಷ್ಟಾದರೆ ಲಾರಿ ಎಷ್ಟು ಎಂದು ಹಲಗೆಯ ತುಂಡಿನ ಮೇಲೆ ಲೆಕ್ಕ ಮಾಡಿ, ಸಾಗವಾನಿ ಚೂರುಗಳಿಂದ ಆರು ಲಾರಿ ಕಡೆದೆ. ಅದೇ ಮಿಲಿಟರಿ ಹಸಿರು ಬಣ್ಣ ಹಚ್ಚಿದೆ. ಮಾಸ್ತರರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೆರಳಾಡಿಸಿ ನೋಡಿ, 'ಭೇಷ್' ಎಂದರು.

ಆ ಭಾನುವಾರ ಮಾಸ್ತರರು ಆರೂ ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ತಮ್ಮ ದಂಡನ್ನು ಅಡಗಿಸಿದರು. ಅವರ ಆಟದಲ್ಲಿ ಒಂದು ನಿಯಮವಿತ್ತು: ಮೇಜಿಗೆ ಗಲ್ಲ ಹಚ್ಚಿ ತಮ್ಮ ಸೈನಿಕನ ಮಟ್ಟದಿಂದ ನೋಡಬೇಕು, ಎದುರಿನವನು ಕಂಡರೆ ಮಾತ್ರ ಗುಂಡು. ಸಾವ್ಕಾರರು ಮತ್ತೆ ಮತ್ತೆ ಬಗ್ಗಿ ನೋಡಿದರು. ಯಾರೂ ಕಾಣಲಿಲ್ಲ. ಎದ್ದು ಸೊಂಟ ಒತ್ತಿಕೊಳ್ಳುತ್ತ, 'ಏನ್ ಲಾರಿನೋ ಮಾಸ್ತರ ಇವು! ನಿನ್ನ ಸಿಪಾಯಿ ಹತ್ತಾಕ ನಿಚ್ಚಣಿಕಿ ಬೇಕಲ್ಲೋ' ಎಂದರು.

'ಹೊಟ್ಟಿಕಿಚ್ಚಿಗೆ ಔಷಧ ಇಲ್ಲೋ ಸಾವ್ಕಾರ. ಆಡು!'

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಲಾರಿಯ ಬಾಗಿಲ ಹಿಡಿಕೆ ಸೈನಿಕನ ಟೊಪ್ಪಿಗೆಗಿಂತ ಮೇಲಿತ್ತು... ಮೂಲೆಯಲ್ಲಿ ಬಿದ್ದಿದ್ದ ಸೈನಿಕರ ಖಾಲಿ ಡಬ್ಬಿ ಎತ್ತಿ ನೋಡಿದೆ. ಮೇಲೆ ಇಪ್ಪತ್ತೆಂಟು ಮಿಲಿಮೀಟರ್ ಎಂದು ಅಚ್ಚಾಗಿತ್ತು, ಪಾದದಿಂದ ಕಣ್ಣಿನವರೆಗೆ ಗೆರೆ ಎಳೆದ ಚಿತ್ರವೂ ಇತ್ತು. ನಾನು ಸೈನಿಕನನ್ನು ಅವನ ಕಾಲ ಕೆಳಗಿನ ಬಿಲ್ಲೆಯಿಂದ ಟೊಪ್ಪಿಗೆಯ ತುದಿಯವರೆಗೆ ಅಳೆದಿದ್ದೆ. ಒಂದೊಂದು ಲಾರಿಯೂ ಇರಬೇಕಾದ್ದಕ್ಕಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು ಉದ್ದವಾಗಿತ್ತು. ಆರು ಸೇರಿದರೆ ಒಂಬತ್ತು. ಮೂರು ಸೈನಿಕರು ಅಡಗುವಷ್ಟು ಗೋಡೆ.

ಬಾಯಿ ತೆರೆದೆ. ಅಷ್ಟರಲ್ಲಿ ಅಡಗಿದ್ದ ಸೈನಿಕರನ್ನು ಮಾಸ್ತರರು ಹೊರಗೆ ನುಗ್ಗಿಸಿದರು. ಕಾಲು ಗಂಟೆಯಲ್ಲಿ ಆಟ ಮುಗಿಯಿತು. ಮಾಸ್ತರರು ಗೆದ್ದರು. ಎಪ್ಪತ್ತು ದಾಟಿದ ಮನುಷ್ಯ ಓಣಿಯ ಒಂದೊಂದು ಮನೆಯ ಬಾಗಿಲನ್ನೂ ಎರಡೂ ಕೈಯಿಂದ ಬಡಿದು ಎಲ್ಲರನ್ನೂ ಕರೆದರು, ಎಲ್ಲರಿಗೂ ಗಿರಮಿಟ್ಟು ತಿನ್ನಿಸಿದರು. ನಾನೂ ತಿಂದೆ.

ಎಂಟು ದಿನ ಒದ್ದಾಡಿದೆ. ಉಜ್ಜುಗೊರಡು ಹಿಡಿದರೆ ಮರ ಬೇಕಾದ್ದಕ್ಕಿಂತ ಹೆಚ್ಚು ಸವೆಯುತ್ತಿತ್ತು. ಗೋಡೆಯಾಚೆ ಅವರು ಬಂದವರಿಗೆಲ್ಲ ಆ ಆಟ ವರ್ಣಿಸುವುದು ಕೇಳುತ್ತಿತ್ತು. ಒಂಬತ್ತನೆಯ ದಿನ ಹೋಗಿ ಹೇಳಿಬಿಟ್ಟೆ.

ಒಂದು ಲಾರಿ ಎತ್ತಿ ಬೆರಳಾಡಿಸಿದರು. ಆಮೇಲೆ, 'ಶಿರಹಟ್ಟಿ ಸಂತ್ಯಾಗ ರುಮಾಲ ಸುತ್ತಿದಾಂವ ಕಲ್ಲ ಮ್ಯಾಲ ನಿಂತ್ರ, ರುಮಾಲು ಕಲ್ಲು ಎರಡೂ ಸೇರಿಸಿ ಅವನ ಎತ್ತರ ಹೇಳ್ತೀಯೇನಲೇ?' ಎಂದರು. ಸಿಟ್ಟಿರಲಿಲ್ಲ. ಕೂಡಲೇ ಮುಂಡರಗಿಗೆ ಫೋನು ಹಚ್ಚಿದರು. 'ಆ ಆಟ ಆಗಿಲ್ಲ ಅಂತ ತಿಳಿ.' ಆ ಕಡೆಯಿಂದ ಸಾವ್ಕಾರರು ಕೂಗಿದ್ದು ನನಗೂ ಕೇಳಿಸಿತು: 'ಏ ಹುಚ್ಚ, ಗೆದ್ದೀಯಲ್ಲ, ಸುಮ್ನ ಕುಂಡ್ರು!'

'ಇಲ್ಲಪಾ. ಬಡಿಗ್ಯಾ ಹೊಸಾವು ಮಾಡ್ತಾನ. ಮತ್ತ ಆಡೂಣು.'

ಕಣ್ಣಿನವರೆಗೆ ಅಳೆದು ಹೊಸ ಆರು ಲಾರಿ ಮಾಡಿದೆ. ಎರಡೇ ವಾರದಲ್ಲಿ ಮುಗಿಸಿ ಅವರ ಮೇಜಿನ ಮೇಲಿಟ್ಟೆ. ಆಟಕ್ಕೆ ಇನ್ನೂ ಒಂಬತ್ತು ದಿನವಿತ್ತು. ಒಂದು ಮುಂಜಾನೆ ಮಾಸ್ತರರು ಹಾಸಿಗೆಯಿಂದ ಏಳಲೇ ಇಲ್ಲ...

ತಿಂಗಳಾದ ಮೇಲೆ ಅವರ ಮಗಳು ಸೈನಿಕರನ್ನೂ ಲಾರಿಗಳನ್ನೂ ಡಬ್ಬಿಯಲ್ಲಿ ತುಂಬಿ, ಮುಂಡರಗಿಗೆ ಮುಟ್ಟಿಸು ಎಂದು ಕೊಟ್ಟಳು. ಸಾವ್ಕಾರರು ಡಬ್ಬಿ ತೆರೆಯಲಿಲ್ಲ. ನನ್ನ ಮುಖವನ್ನೇ ನೋಡಿದರು.

'ಯಾಕ ಹೇಳಿದ್ಯೋ?'

'ನಿದ್ದಿ ಬರ್ತಿದ್ದಿಲ್ರಿ.'

'ನಿನ್ನ ನಿದ್ದಿ ಸಲುವಾಗಿ ಅವನ ಗೆಲುವು ಕಸ್ಕೊಂಡಿ.'

ಹೇಳದೆ ಇದ್ದಿದ್ದರೆ ಅವರು ಗೆದ್ದವರಾಗಿಯೇ ಹೋಗುತ್ತಿದ್ದರು. ಆದರೆ ತಪ್ಪು ಲೆಕ್ಕವನ್ನು ಅವರ ತಲೆಯ ಕೆಳಗಿಟ್ಟು ಕಳಿಸಿದಂತೆ ಆಗುತ್ತಿತ್ತಲ್ಲ... ಒಂದು ದಿನ ಹೀಗೆ ಅನ್ನಿಸುತ್ತದೆ, ಮರುದಿನ ಹಾಗೆ.

ಏಳಲು ಹೋದೆ. 'ಎಲ್ಲಿಗಿ? ಲಾರಿ ಹಚ್ಚು. ಅವನ ಕಡೀಂದ ನೀ ಆಡು' ಎಂದರು ಸಾವ್ಕಾರರು. ಆಡಿದೆ. ಒಂದು ತಾಸಿನಲ್ಲಿ ಸೋತೆ. ಅವರು ಗೆದ್ದ ಖುಷಿ ತೋರಿಸಲಿಲ್ಲ. ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿಡುತ್ತ, 'ಬರೂ ತಿಂಗಳ ಮತ್ತ ಬಾ' ಎಂದರು.

ಹೋಗುತ್ತಿದ್ದೇನೆ. ಈವರೆಗೆ ಒಂದು ಸಲವೂ ಗೆದ್ದಿಲ್ಲ. ಬೆಟಗೇರಿಯ ಬಸ್ಸಿನಲ್ಲಿ ವಾಪಸು ಬರುವಾಗ ಪ್ರತಿ ಸಲ ಒಂದೇ ಯೋಚನೆ ಬರುತ್ತದೆ. ಒಂದು ದಿನ ಗೆದ್ದೆನೆಂದೇ ಇಟ್ಟುಕೊಳ್ಳಿ. ಬಸ್ಸಿಳಿದು ಓಣಿಗೆ ಓಡಿ ಬಂದು ಯಾರ ಬಾಗಿಲು ಬಡಿಯಲಿ?