ಭೀಮೇಶರ ಮನೆಯ ಫ್ಯಾನು
ಒಂದರ ಹಿಂದೊಂದು ನಿಂತು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಫ್ಯಾನುಗಳಲ್ಲಿ ಗಾಳಿ ಯಾವಾಗ ಹದ ತಪ್ಪುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಸಾರಕ್ಕಿಯ ನಮ್ಮ ಪಕ್ಕದ ಮನೆ ಭೀಮೇಶರ ಉದ್ಯೋಗ. ಕಂಡವರ ಮನೆ ಫ್ಯಾನಿನ ನಡುಕ ನಿಲ್ಲಿಸುವುದು ಅವರ ಚಟ. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಚಾವಣಿ ನೋಡುತ್ತಾರೆ. ಹೋಟೆಲಿನಲ್ಲಿ ದೋಸೆ ಆರುತ್ತಿದ್ದರೂ “ಅಣ್ಣ, ಆ ಕಿಟಕಿ ತೆಗೀರಿ, ಎಕ್ಸಾಸ್ಟ್ ಫ್ಯಾನಿಗೆ ಉಸಿರು ಕಟ್ತಿದೆ” ಎನ್ನುತ್ತಾರೆ. ನಮ್ಮಲ್ಲಿಗೆ ಬಂದರೆ ಕಾಫಿಗಿಂತ ಮೊದಲು ಸ್ಟೂಲು ಕೇಳುತ್ತಾರೆ. ಇಂಥವರ ನಡುಮನೆಗೆ ಮೊನ್ನೆ ಅವರ ಜೊತೆಯಲ್ಲೇ ಹೋದೆ. ಅವರು ಸ್ವಿಚ್ ಒತ್ತಿದೊಡನೆ ಫ್ಯಾನು ಟಕಟಕ ಎಂದು ಓಲಾಡತೊಡಗಿತು. ನಗು ತಡೆಯಲಾಗದೆ ನಾನೇ ಸ್ಟೂಲು ಎಳೆದೆ. “ಇದೊಂದು ಮುಟ್ಬೇಡಿ ಸಾರ್,” ಎಂದು ಕೈ ಹಿಡಿದರು. “ಅಮ್ಮಂಗೆ ಕಣ್ಣು ಕಾಣಲ್ಲ.” ಅಷ್ಟರಲ್ಲಿ ಆ ಸದ್ದು ಕೇಳಿದ ಅವರ ತಾಯಿ ಅಣ್ಣಮ್ಮನವರು ಒಳಗಿನಿಂದ ಕೂಗಿದರು: “ಬಂದ್ಯಾ ಭೀಮಾ? ಕೈಕಾಲು ತೊಳ್ಕೊ, ಮುದ್ದೆ ಆರೋಗುತ್ತೆ.”