ಬಾಗಿಲ ಮೇಲಿನ ಕೆಂಪು ಚುಕ್ಕಿ

ನನ್ನ ತಲೆಗೊಂದು ಐಡಿಯಾ ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೆಂಪು ಚುಕ್ಕಿಯ ಐಡಿಯಾ ಬಂದ ವಾರ ಅವಳು ಶಿರಂಗಾಲದ ತವರಿಗೆ ಹೋಗಿದ್ದಳು. ಇದ್ದಿದ್ದರೆ ತಡೆಯುತ್ತಿದ್ದಳೋ ಏನೋ.

ಆಗ ನಾನು ಶನಿವಾರಸಂತೆಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಕೋಆರ್ಡಿನೇಟರ್. ಸುತ್ತಲಿನ ಎಸ್ಟೇಟುಗಳ ಲೈನ್ ಮನೆಗಳ ಸಾಲಿನಲ್ಲಿರುವ ಕೆಲಸಗಾರರಿಗೆ ಸರ್ಕಾರಿ ಆಸ್ಪತ್ರೆ ದೂರ. ಹೋಗಿ ಬಂದರೆ ಆ ದಿನದ ಕೆಲಸ ಕೈಬಿಟ್ಟಂತೆಯೇ. ಹಾಗಾಗಿ ನಮ್ಮ ಸಂಸ್ಥೆ ಲೈನಿನ ಹೆಂಗಸರಿಗೇ ಬಿಪಿ, ಶುಗರ್ ನೋಡುವುದನ್ನು ಕಲಿಸಿತ್ತು. ಡಾಕ್ಟರು ಬರೆದುಕೊಟ್ಟ ಗುಳಿಗೆಗಳನ್ನು ಅವರೇ ತಿಂಗಳಿಗೊಮ್ಮೆ ಮನೆಮನೆಗೆ ಮುಟ್ಟಿಸುತ್ತಿದ್ದರು. ನಾನು ಹೋಗುತ್ತಿದ್ದ ಲೈನಿನಲ್ಲಿ ಈ ಕೆಲಸ ಅಕ್ಕನದು. ಎಲ್ಲರಿಗೂ ಅವರು ಅಕ್ಕ, ಹಾಗಾಗಿ ನನಗೂ ಅಕ್ಕ. ವರ್ಷಾನುಗಟ್ಟಲೆ ಕಾಫಿ ಕುಯ್ದ ಕೈ, ಮಾತು ಕಡಿಮೆ. ಯಾರಿಗೆ ಯಾವ ಗುಳಿಗೆ ಎಂಬುದನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ಬಟ್ಟೆಚೀಲದ ತಳಕ್ಕೆ ತುರುಕಿಡುತ್ತಿದ್ದರು. ಯಾರಿಗೂ ತೋರಿಸುತ್ತಿರಲಿಲ್ಲ, ನನಗೂ ಸಹ.

ಎರಡು ಡಿಗ್ರಿ ಓದಿದವನಿಗೆ ಇದನ್ನು ಸಹಿಸಲಾಗುತ್ತದೆಯೇ? ಸಂತೆಯ ದಿನ ಅಂಗಡಿಯಿಂದ ದುಂಡನೆಯ ಸ್ಟಿಕ್ಕರುಗಳನ್ನು ತಂದೆ. ಬಿಪಿ ಇದ್ದವರ ಬಾಗಿಲಿಗೆ ಕೆಂಪು, ಇಲ್ಲದವರ ಬಾಗಿಲಿಗೆ ಹಸಿರು. ನೋಡಿದ ಕೂಡಲೇ ಗೊತ್ತಾಗಬೇಕು, ಒಬ್ಬರೂ ತಪ್ಪಿಹೋಗಬಾರದು. ಸಂಸ್ಥೆಯ ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬಿತ್ತು. ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಬಾಗ್ಲಿಗಾ ಸಾ? ಎಲ್ರಿಗೂ ಕಾಣೋ ಹಂಗಾ?" ಎಂದರು.

"ಕಾಣಲಿ ಅಂತಲೇ ಅಕ್ಕ" ಎಂದೆ. ಪಾಪ, ಹೆಚ್ಚು ಓದಿಲ್ಲ, ಅರ್ಥವಾಗುವುದಿಲ್ಲ ಎಂದುಕೊಂಡೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಡಾಕ್ಟರ ಪಟ್ಟಿ ನೋಡಿ ನಾನೇ ಅಂಟಿಸಿದ್ದೂ ಅಲ್ಲದೆ, ಎಸ್ಟೇಟಿನ ರೈಟರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ಅವರಿಗೂ ವಿವರವಾಗಿ ಹೇಳಿಬಂದೆ. ದಿನಾ ಬೆಳಗ್ಗೆ ಯಾರಿಗೆ ಯಾವ ಕೆಲಸ ಎಂದು ಹಂಚುವವರು ಆ ರೈಟರೇ. ಅಷ್ಟು ಮಟ್ಟಿನ ಜಾಣ ನಾನು.

ಲೈನಿನ ಕೊನೆಯ ಮನೆಯಲ್ಲಿ ಮರಗಸಿಯ ಅಣ್ಣ ಇದ್ದರು. ಮಳೆಗಾಲಕ್ಕೆ ಮೊದಲು ತೋಟದ ಮರಗಳನ್ನೇರಿ ನೆರಳಿನ ಕೊಂಬೆಗಳನ್ನು ಕಡಿಯುವುದು ಮರಗಸಿ. ಆ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ, ಕೂಲಿಯೂ ಬೇರೆಯವರಿಗಿಂತ ಹೆಚ್ಚು. ಅವರ ಬಾಗಿಲಿಗೆ ಕೆಂಪು ಬಿದ್ದಿತ್ತು. ಮಾರನೆಯ ಬೆಳಗ್ಗೆಯೇ ರೈಟರು, "ನೀ ಮರ ಹತ್ಬೇಡ ಮಾರಾಯ, ಬಿದ್ದು ಗಿದ್ದು ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?" ಎಂದು ಹೆಂಗಸರ ಜೊತೆ ಕಳೆ ತೆಗೆಯಲು ಕಳಿಸಿದರಂತೆ.

ಇದ್ಯಾವುದೂ ನನಗೆ ತಿಳಿಯದು. ಮುಂದಿನ ತಿಂಗಳು ಹೋದಾಗ ಕೆಂಪು ಬಾಗಿಲುಗಳು ಅರ್ಧಕ್ಕರ್ಧ ಹಸಿರಾಗಿದ್ದವು. ಸಂತೋಷದಿಂದ ವರದಿಯಲ್ಲಿ "ಗಮನಾರ್ಹ ಸುಧಾರಣೆ" ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದೆ.

ವರದಿ ಕಳಿಸಿದ ಮೇಲೆ ಅಕ್ಕ ನನ್ನನ್ನು ತೋಟದೊಳಗೆ ಕರೆದುಕೊಂಡು ಹೋಗಿ ಮೇಲೆ ನೋಡಿ ಎಂದರು. ಎತ್ತರದ ಸಿಲ್ವರ್ ಓಕಿನ ತುದಿಯಲ್ಲಿ ಮರಗಸಿಯ ಅಣ್ಣ ಕತ್ತಿ ಬೀಸುತ್ತಿದ್ದರು.

"ಕೆಲ್ಸ ಬಿಟ್ಟು ಹೋದವ್ರ ಖಾಲಿ ಮನೆ ಬಾಗ್ಲಿಂದ ಹಸಿರು ಕಿತ್ಕೊಂಡು ಅಂಟಿಸ್ಕಂಡವ್ರೆ ಸಾ. ರೈಟರು ನೋಡಿದ್ರು, ಮರಕ್ಕೆ ಕಳ್ಸಿದ್ರು. ಗುಳಿಗೆ ಮನೇಲಿ ಕಂಡ್ರೆ ಗೊತ್ತಾಗೋಯ್ತದೆ ಅಂತ ಅದ್ನೂ ಬಿಟ್ಟವ್ರೆ. ಇವ್ರೊಬ್ರೇ ಅಲ್ಲ. ನಾ ಹೋದ್ರೆ ಈಗ ಯಾರೂ ಬಾಗ್ಲೇ ತೆಗೆಯಲ್ಲ."

ಆ ಮನುಷ್ಯ ಕೊಂಬೆಯಿಂದ ಕೊಂಬೆಗೆ ಕಾಲು ಬದಲಿಸಿದಾಗಲೆಲ್ಲ ನಾನು ಕೆಳಗಿನಿಂದ ಸುಮ್ಮನೆ ಕೈ ಚಾಚುತ್ತಿದ್ದೆ. ಗುಳಿಗೆ ತಪ್ಪಿಸಿ ತಲೆ ಸುತ್ತಿ ಬಿದ್ದರೆ ಅವರನ್ನು ಕೊಂದವನು ನಾನೇ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅವರು ಇಳಿದು ನೆಲ ಮುಟ್ಟುವವರೆಗೆ ಅಲ್ಲೇ ನಿಂತಿದ್ದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಭಾನುವಾರ ಎಲ್ಲರನ್ನೂ ನಲ್ಲಿಯ ಹತ್ತಿರ ಸೇರಿಸಿ, ಬಿಪಿ ಅಂದರೆ ನಾಚಿಕೆಪಡುವಂಥದ್ದಲ್ಲ, ಮುಚ್ಚಿಡಬಾರದು ಎಂದು ಭಾಷಣ ಬಿಗಿದೆ. ಮರಗಸಿಯ ಅಣ್ಣ ಬೀಡಿ ಸೇದುತ್ತಾ ಹಿಂದೆ ನಿಂತಿದ್ದರು. "ನೋಡಿ, ನಾನೇ ತೋರಿಸುತ್ತೇನೆ" ಎಂದು ಅಂಗಿಯ ತೋಳು ಮಡಚಿ ಅಕ್ಕನ ಮುಂದೆ ಕೂತೆ. ಊರಿಗೆಲ್ಲ ಬಿಪಿ ನೋಡಿಸುತ್ತಿದ್ದವನು ಅಲ್ಲಿಯವರೆಗೆ ಒಮ್ಮೆಯೂ ನನ್ನದನ್ನು ನೋಡಿಸಿಕೊಂಡಿರಲಿಲ್ಲ.

ಅಕ್ಕ ಮಿಷನ್ನು ನೋಡಿದರು. ಮೆಲ್ಲಗೆ ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಆಮೇಲ್ ಹೇಳ್ತೀನಿ ಸಾ" ಎಂದರು.

"ಈಗಲೇ ಹೇಳಿ ಅಕ್ಕ, ಎಲ್ಲರಿಗೂ ಕೇಳಲಿ!"

"ನೂರ ಎಪ್ಪತ್ತೆಂಟು ಸಾ, ಮೇಲಿಂದು."

ಆಗ ಹಿಂದಿನಿಂದ ಮರಗಸಿಯ ಅಣ್ಣ, "ಸಾರ್ ಮನೆ ಬಾಗ್ಲಿಗೆ ಯಾವ್ ಬಣ್ಣ?" ಎಂದರು.

"ಅಯ್ಯೋ, ಬೇಡ ಬೇಡ! ಮನೆ ಓನರ್ ನೋಡಿದ್ರೆ ಏನಂದ್ಕೊಳ್ತಾರೆ?"

ಬಾಯಿಂದ ಬಂದೇಬಿಟ್ಟಿತ್ತು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ಮೊದಲು ಮಕ್ಕಳು ನಕ್ಕರು, ಆಮೇಲೆ ಹೆಂಗಸರು. ಮರಗಸಿಯ ಅಣ್ಣನಂತೂ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ.

ಅಂದು ಸಂಜೆಯೊಳಗೆ ಒಂದೊಂದೇ ಬಾಗಿಲಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತೆ. ಕೊನೆಗೆ ಮರಗಸಿಯ ಅಣ್ಣನ ಮನೆಯ ಹತ್ತಿರ ಬರುವಷ್ಟರಲ್ಲಿ ಅಕ್ಕ ಮಿಷನ್ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನಾನು ಹೊರಗೆ ಹಸಿರು ಕೆರೆಯುತ್ತಾ ನಿಂತೆ. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಈಗ ನನ್ನ ಗುಳಿಗೆಯೂ ಅಕ್ಕನ ಚೀಲದಲ್ಲೇ ಬರುತ್ತದೆ, ಪೇಪರಿನಲ್ಲಿ ಸುತ್ತಿಕೊಂಡು. ಮರಗಸಿಯ ಅಣ್ಣ ಈ ವರ್ಷವೂ ಮರದ ಮೇಲಿದ್ದರು. ಮೊನ್ನೆ ತಡೆಯಲಾರದೆ ಕೇಳಿದೆ, "ಅಕ್ಕ, ಅಣ್ಣನ ಬಿಪಿ ಈಗ ಎಷ್ಟಿದೆ?"

ಅಕ್ಕ ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಇನ್ನಷ್ಟು ತಳ್ಳಿದರು.

"ಅದು ಅವ್ರ ವಿಷ್ಯ ಸಾ. ನೀವು ಬೆಳಗ್ಗೆ ಗುಳಿಗೆ ನುಂಗಿದ್ರಾ?"

ನಾನು ನುಂಗಿರಲಿಲ್ಲ.